ಪರಿಸರದ ಲೆಕ್ಕ ಬಲ್ಲವರಿಗೆ ಕೆಲಸ ಎಲ್ಲಿದೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಪರಿಸರ ಅರ್ಥಶಾಸ್ತ್ರ ಓದಿದವರಿಗೆ ಯಾವ ಕೆಲಸಗಳಿವೆ, ಅವನ್ನು ಗಿಟ್ಟಿಸುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಿಂದ ಹತ್ತು ಪ್ರಶ್ನೆಗಳನ್ನು ಆಯ್ದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ, ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರ: ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೇನೆ. ಮೂರು ತಿಂಗಳಿಂದ ‘ಎನ್ವಿರಾನ್‌ಮೆಂಟಲ್ ಇಕನಾಮಿಸ್ಟ್’ ಅಂತ ಹುಡುಕುತ್ತಿದ್ದೇನೆ. ಸಿಕ್ಕಿದ್ದು ನಾಲ್ಕೇ ಜಾಹೀರಾತು. ಈ ಕ್ಷೇತ್ರದಲ್ಲಿ ಕೆಲಸವೇ ಇಲ್ಲವೇ?

ಉ: ಕೆಲಸ ಇದೆ, ಆ ಹೆಸರಿನಲ್ಲಿ ಇಲ್ಲ ಅಷ್ಟೆ. ‘ನಮಗೊಬ್ಬ ಪರಿಸರ ಅರ್ಥಶಾಸ್ತ್ರಜ್ಞ ಬೇಕು’ ಎಂದು ಹೊರಡುವ ಸಂಸ್ಥೆ ಅಪರೂಪ. ಸಂಸ್ಥೆಯ ಮುಂದೆ ಒಂದು ಪ್ರಶ್ನೆ ಬಂದು ಕೂತಿರುತ್ತದೆ. ಈ ನಿಯಮ ತಂದರೆ ಖರ್ಚೆಷ್ಟು, ಉಳಿಯುವ ಜೀವಗಳೆಷ್ಟು? ನಾವು ಕೊಟ್ಟ ಸಾಲಗಳಲ್ಲಿ ಎಷ್ಟು ಪ್ರವಾಹದ ಹಾದಿಯಲ್ಲಿವೆ? ಈ ಉಕ್ಕನ್ನು ರಫ್ತು ಮಾಡಿದರೆ ಗಡಿಯಲ್ಲಿ ಎಷ್ಟು ಇಂಗಾಲ ಶುಲ್ಕ ಬೀಳುತ್ತದೆ? ಉತ್ತರ ಕೊಡಬಲ್ಲವರನ್ನು ಹುಡುಕುವಾಗ ಹುದ್ದೆಗೂ ಆ ಪ್ರಶ್ನೆಯ ಹೆಸರೇ ಅಂಟಿಕೊಳ್ಳುತ್ತದೆ.

ಹಾಗಾಗಿ ಹುಡುಕುವ ಪದಗಳನ್ನು ಬದಲಿಸಿ. ಸರ್ಕಾರಿ ನಿಯಂತ್ರಣ ಸಂಸ್ಥೆಗಳಲ್ಲಿ ಇದು ‘ರೆಗ್ಯುಲೇಟರಿ ಅನಾಲಿಸಿಸ್’ ಅಥವಾ ‘ಇಂಪ್ಯಾಕ್ಟ್ ಅಸೆಸ್‌ಮೆಂಟ್’. ಅಮೆರಿಕದಲ್ಲಿ 1993ರ 12866ನೇ ಅಧ್ಯಕ್ಷೀಯ ಆದೇಶವೂ ಬ್ರಿಟನ್ನಿನಲ್ಲಿ ಖಜಾನೆಯ ಮಾರ್ಗಸೂಚಿಯೂ ದೊಡ್ಡ ನಿಯಮಗಳಿಗೆ ವೆಚ್ಚ-ಲಾಭದ ಲೆಕ್ಕ ಕೇಳುವುದರಿಂದ ಅಲ್ಲಿನ ಇಲಾಖೆಗಳಲ್ಲಿ ಈ ಕೆಲಸ ವರ್ಷವಿಡೀ ಇರುತ್ತದೆ. ಅಂಕಿಅಂಶ ಇಲಾಖೆಗಳಲ್ಲಿ ಹುಡುಕಬೇಕಾದ ಪದ ‘ನ್ಯಾಚುರಲ್ ಕ್ಯಾಪಿಟಲ್ ಅಕೌಂಟಿಂಗ್’. ಅರಣ್ಯ, ಜೌಗು ಮುಂತಾದ ಪರಿಸರ ವ್ಯವಸ್ಥೆಗಳನ್ನು ಲೆಕ್ಕಪುಸ್ತಕಕ್ಕೆ ತರುವ ಪದ್ಧತಿಯನ್ನು ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2021ರ ಮಾರ್ಚ್‌ನಲ್ಲಿ ಅಂಗೀಕರಿಸಿತು. ಅದನ್ನು ಕೂತು ಮಾಡುವವರು ಬೇಕಲ್ಲ. ಬ್ಯಾಂಕು, ವಿಮೆಯಲ್ಲಿ ಇದೇ ಕೆಲಸಕ್ಕೆ ‘ಕ್ಲೈಮೇಟ್ ರಿಸ್ಕ್’ ಎನ್ನುತ್ತಾರೆ. ರಫ್ತು ಕಂಪನಿಗಳಲ್ಲೂ ಅವುಗಳ ಸಲಹಾ ಸಂಸ್ಥೆಗಳಲ್ಲೂ ‘ಸಿಬ್ಯಾಮ್’ ಎಂದು ಹುಡುಕಿ. ಐರೋಪ್ಯ ಒಕ್ಕೂಟದ ಈ ಗಡಿ ಶುಲ್ಕದ ವರದಿ ಹಂತ 2023ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಸಿಮೆಂಟ್, ಕಬ್ಬಿಣ-ಉಕ್ಕು, ಅಲ್ಯೂಮಿನಿಯಂ, ರಸಗೊಬ್ಬರ, ವಿದ್ಯುತ್, ಜಲಜನಕ ಇವು ಅದರ ವ್ಯಾಪ್ತಿಗೆ ಬರುತ್ತವೆ. ತೈಲ ಸೋರಿಕೆಯಂಥ ಅನಾಹುತಗಳ ನಷ್ಟ ಕಟ್ಟುವ ಕೆಲಸ ‘ಡ್ಯಾಮೇಜ್ ಅಸೆಸ್‌ಮೆಂಟ್’ ಹೆಸರಿನಲ್ಲಿ ವಕೀಲರ ಜೊತೆ ದುಡಿಯುವ ಸಲಹಾ ಸಂಸ್ಥೆಗಳಲ್ಲಿದೆ.

ಒಂದು ವಾರ ಅರ್ಜಿ ಹಾಕುವುದನ್ನು ನಿಲ್ಲಿಸಿ. ಈ ಪದಗಳಿಂದ ಸಿಕ್ಕ 30 ಜಾಹೀರಾತುಗಳನ್ನು ಒಂದು ಎಕ್ಸೆಲ್ ಹಾಳೆಗೆ ಇಳಿಸಿ: ಹುದ್ದೆ, ಕೇಳಿದ ಅನುಭವದ ವರ್ಷ, ಸಾಫ್ಟ್‌ವೇರ್, ವಿಧಾನ, ಬರೆಯಬೇಕಾದ ವರದಿಯ ಬಗೆ. 30ರಲ್ಲಿ 20 ಕಡೆ ಕೇಳಿದ್ದು ನಿಮಗೆ ಬರದಿದ್ದರೆ ಮುಂದಿನ ಎರಡು ತಿಂಗಳು ಅದಕ್ಕೇ ಮೀಸಲು. ಎರಡೇ ಕಡೆ ಕೇಳಿದ್ದಕ್ಕಾಗಿ ನಿದ್ದೆಗೆಡಬೇಡಿ.

ಪ್ರ: ನನ್ನದು ಪರಿಸರ ಎಂಜಿನಿಯರಿಂಗ್. ಅರ್ಥಶಾಸ್ತ್ರದ ಪದವಿ ಇಲ್ಲದೆ ಈ ಕಡೆ ಬರಬಹುದೇ?

ಉ: ಬರಬಹುದು. ಚಿಮಣಿಯ ತುದಿಯಲ್ಲಿ ಏನು ಅಳೆಯುತ್ತಾರೆ, ಶುದ್ಧೀಕರಣ ಘಟಕ ಯಾವಾಗ ಕೈಕೊಡುತ್ತದೆ ಎಂಬ ನಿಮ್ಮ ತಿಳಿವಳಿಕೆ ಅರ್ಥಶಾಸ್ತ್ರ ಓದಿದವರಲ್ಲಿ ಬಹುಪಾಲು ಮಂದಿಗೆ ಇರುವುದಿಲ್ಲ. ಅವರಿಗಿದ್ದು ನಿಮಗಿಲ್ಲದ್ದು, ಜನ ನಿಯಮಕ್ಕೆ ಹೇಗೆ ಪ್ರತಿಕ್ರಿಯಿಸುತ್ತಾರೆ ಎಂದು ಮೊದಲೇ ಕೇಳಿಕೊಳ್ಳುವ ಅಭ್ಯಾಸ. ಮೆಕ್ಸಿಕೊ ನಗರ 1989ರಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ಪ್ರತಿ ಕಾರನ್ನೂ ವಾರಕ್ಕೊಂದು ದಿನ ರಸ್ತೆಗಿಳಿಸದಂತೆ ತಡೆಯಿತು. ಎಂಜಿನಿಯರ್ ಲೆಕ್ಕದಲ್ಲಿ ಹೊಗೆ ಸುಮಾರು ಐದರಲ್ಲೊಂದು ಪಾಲು ತಗ್ಗಬೇಕು. ಜನ ಎರಡನೇ ಕಾರು ಕೊಂಡರು, ಅದರಲ್ಲೂ ಹಳೆಯ ಕಾರು. 2008ರಲ್ಲಿ ಪ್ರಕಟವಾದ, ಅರ್ಥಶಾಸ್ತ್ರಜ್ಞ ಲ್ಯೂಕಸ್ ಡೇವಿಸ್ ಅವರ ಅಧ್ಯಯನಕ್ಕೆ ಗಾಳಿ ಸುಧಾರಿಸಿದ ಕುರುಹು ಸಿಗಲಿಲ್ಲ.

ವಾರಕ್ಕೆ 10 ಗಂಟೆಯಂತೆ ಎಂಟು ತಿಂಗಳು ಎತ್ತಿಡಿ. ಮೊದಲು ಮೈಕ್ರೋ ಅರ್ಥಶಾಸ್ತ್ರ: ಮಾಲಿನ್ಯ ತಗ್ಗಿಸುವ ಸೀಮಾಂತ ವೆಚ್ಚ (ಇನ್ನೊಂದು ಟನ್ ತಗ್ಗಿಸಲು ತಗಲುವ ಖರ್ಚು), ಮಾಲಿನ್ಯದ ಸೀಮಾಂತ ಹಾನಿ (ಇನ್ನೊಂದು ಟನ್ ಸೇರಿದರೆ ಆಗುವ ನಷ್ಟ), ಈ ಎರಡು ರೇಖೆಗಳನ್ನು ಖಾಲಿ ಹಾಳೆಯ ಮೇಲೆ ಎಳೆದು ತೆರಿಗೆ ಎಲ್ಲಿ ಬೀಳಬೇಕೆಂದು ತೋರಿಸಲು ಬರಬೇಕು. ಅರ್ಥಶಾಸ್ತ್ರಜ್ಞರಾದ ಪಿಗೂ 1920ರಲ್ಲಿ (ಹಾನಿಗೆ ತೆರಿಗೆ), ಕೋಸ್ 1960ರಲ್ಲಿ (ಹಕ್ಕು ಸ್ಪಷ್ಟವಿದ್ದರೆ ಪರಸ್ಪರ ಚೌಕಾಸಿ), ವೈಟ್ಜ್‌ಮನ್ 1974ರಲ್ಲಿ (ಬೆಲೆ ಕಟ್ಟುವುದೋ, ಪ್ರಮಾಣಕ್ಕೆ ಮಿತಿ ಹಾಕುವುದೋ) ಎತ್ತಿದ ವಾದಗಳನ್ನು ಒಂದೊಂದು ಪ್ಯಾರಾದಲ್ಲಿ ಹೇಳಲು ಬರಬೇಕು. ಸಂದರ್ಶನದಲ್ಲಿ ‘ತೆರಿಗೆಯೋ, ಪರ್ಮಿಟ್ಟೋ (ಇಷ್ಟೇ ಹೊಗೆ ಬಿಡಬಹುದೆಂಬ, ಮಾರಬಹುದಾದ ಪರವಾನಗಿ)?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಮೇಲೆ ಇಕನಾಮೆಟ್ರಿಕ್ಸ್, ಅಂದರೆ ಅಂಕಿಅಂಶದಿಂದ ಆರ್ಥಿಕ ಸಂಬಂಧಗಳನ್ನು ಅಂದಾಜಿಸುವ ವಿದ್ಯೆ. ಅದನ್ನು ಓದಿ ಕಲಿಯಲಾಗದು, ಮಾಡಿಯೇ ಕಲಿಯಬೇಕು. ಮುಂದಿನ ಉತ್ತರ ನೋಡಿ.

ಪ್ರ: ‘ವರ್ಕ್ ಸ್ಯಾಂಪಲ್ ಕಳಿಸಿ’ ಅನ್ನುತ್ತಾರೆ. ಎಂ.ಎ. ಪ್ರಬಂಧ 90 ಪುಟ ಇದೆ, ಅದನ್ನೇ ಕಳಿಸಲೇ?

ಉ: ಬೇಡ. 90 ಪುಟ ಯಾರೂ ತೆರೆಯುವುದಿಲ್ಲ. ಎರಡು ಪುಟದ ಟಿಪ್ಪಣಿ, ಒಂದು ಚಿತ್ರ, ಒಂದು ಕೋಷ್ಟಕ, ಜೊತೆಗೆ ಒಂದೇ ಆಜ್ಞೆಗೆ ಮೊದಲಿಂದ ಕೊನೆಯವರೆಗೆ ಓಡುವ ಕೋಡ್ ಫೋಲ್ಡರ್ ಸಾಕು. ಪ್ರಬಂಧದ ಒಂದು ಅಧ್ಯಾಯವನ್ನು ಹೀಗೆ ಇಳಿಸಬಹುದು. ಹೊಸದಾಗಿ ಮಾಡುವುದಾದರೆ ಆರು ವಾರದಲ್ಲಿ ಮುಗಿಯುವ ಒಂದು ಪ್ರಶ್ನೆ ಇಲ್ಲಿದೆ: ವಿಪರೀತ ಬಿಸಿಲಿನ ದಿನ ಒಂದು ಹೆಚ್ಚಾದರೆ ಬೆಳೆಯ ಇಳುವರಿ ಶೇಕಡಾ ಎಷ್ಟು ಕುಸಿಯುತ್ತದೆ?

ಜಿಲ್ಲಾವಾರು ಇಳುವರಿಯ 20 ವರ್ಷದ ಅಂಕಿ ತೆಗೆದುಕೊಳ್ಳಿ. ಹವಾಮಾನಕ್ಕೆ ಯುರೋಪಿನ ಕೋಪರ್ನಿಕಸ್ ಸೇವೆ ಉಚಿತವಾಗಿ ಕೊಡುವ ಇಆರ್‌ಎ5-ಲ್ಯಾಂಡ್ ಇದೆ. ಸುಮಾರು 9 ಕಿ.ಮೀ. ಚೌಕಗಳಲ್ಲಿ ಗಂಟೆಗಂಟೆಯ ಉಷ್ಣಾಂಶ, 1950ರಿಂದ ಈಚೆಗೆ. ತಪ್ಪುಗಳು ಇಲ್ಲಿಂದಲೇ ಶುರು. ಉಷ್ಣಾಂಶ ಕೆಲ್ವಿನ್‌ನಲ್ಲಿರುತ್ತದೆ, 273.15 ಕಳೆಯಬೇಕು. ಮಳೆ ಮೀಟರಿನಲ್ಲಿರುತ್ತದೆ, ಮಿ.ಮೀ.ಗೆ ಸಾವಿರದಿಂದ ಗುಣಿಸಬೇಕು. ಸಮಯ ಯುಟಿಸಿಯಲ್ಲಿ, ಅಂದರೆ ಗ್ರೀನಿಚ್ ಕಾಲಮಾನದಲ್ಲಿರುತ್ತದೆ, ಸ್ಥಳೀಯ ಸಮಯಕ್ಕೆ ತಿರುಗಿಸದೆ ದಿನ ಕತ್ತರಿಸಿದರೆ ಮಧ್ಯಾಹ್ನದ ಬಿಸಿಲು ಕೆಲವು ಕಡೆ ಪಕ್ಕದ ದಿನಕ್ಕೆ ಹೋಗಿ ಕೂರುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಸರಾಸರಿ ತೆಗೆಯುವ ಕ್ರಮದಲ್ಲಿ. ಒಂದು ಜಿಲ್ಲೆಯ ಅರ್ಧ ಚೌಕಗಳಲ್ಲಿ 34 ಡಿಗ್ರಿ, ಉಳಿದರ್ಧದಲ್ಲಿ 26 ಡಿಗ್ರಿ ಎಂದಿಟ್ಟುಕೊಳ್ಳಿ. ಬೆಳೆಗೆ ಪೆಟ್ಟು ಕೊಡುವ ಮಿತಿ 32. ಮೊದಲೇ ಜಿಲ್ಲೆಯ ಸರಾಸರಿ ತೆಗೆದರೆ 30 ಬರುತ್ತದೆ, ಮಿತಿ ಮೀರಿದ ಬಿಸಿಲು ಸೊನ್ನೆ. ಪ್ರತಿ ಚೌಕದಲ್ಲೂ ಮಿತಿ ಮೀರಿದ್ದನ್ನು ಲೆಕ್ಕಹಾಕಿ ಆಮೇಲೆ ಸರಾಸರಿ ತೆಗೆದರೆ 1 ಡಿಗ್ರಿ. ಒಂದೇ ದತ್ತಾಂಶ, ಒಂದೇ ದಿನ, ಆದರೂ ಮೊದಲ ಕ್ರಮದಲ್ಲಿ ಹಾನಿಯೇ ಮಾಯ. ಪರಿಣಾಮ ನೇರ ಗೆರೆಯಲ್ಲಿ ಸಾಗದ ಕಡೆಯೆಲ್ಲ ಈ ಕ್ರಮ ಮುಖ್ಯ. ಅರ್ಥಶಾಸ್ತ್ರಜ್ಞರಾದ ಶ್ಲೆಂಕರ್ ಮತ್ತು ರಾಬರ್ಟ್ಸ್ 2009ರಲ್ಲಿ ಅಮೆರಿಕದ ಬೆಳೆಗಳ ಮೇಲೆ ತೋರಿಸಿದ್ದು ಇಂಥ ಬಾಗನ್ನೇ: ಮೆಕ್ಕೆಜೋಳದ ಇಳುವರಿ 29 ಡಿಗ್ರಿವರೆಗೆ ಏರಿ ಅಲ್ಲಿಂದ ಮುಂದೆ ಕಡಿದಾಗಿ ಬೀಳುತ್ತದೆ, ಸೋಯಾಬೀನ್‌ಗೆ ಆ ಮಿತಿ 30, ಹತ್ತಿಗೆ 32.

ಆಮೇಲಿನದು ಹೆಚ್ಚು ಕಷ್ಟವಲ್ಲ. ಬೆಳೆ ಇರುವ ಚೌಕಗಳಿಗೇ ಹೆಚ್ಚು ತೂಕ ಕೊಡಿ, ಬಂಡೆಗಾಡಿಗೆ ಬೇಡ. ಸಮೀಕರಣದಲ್ಲಿ ಇಳುವರಿಯ ಲಾಗ್ ಎಡಗಡೆ. ಮಿತಿ ಮೀರಿದ ಬಿಸಿಲು, ಜೊತೆಗೆ ಜಿಲ್ಲೆಗೊಂದು, ವರ್ಷಕ್ಕೊಂದು ಫಿಕ್ಸೆಡ್ ಎಫೆಕ್ಟ್ (ಆ ಜಿಲ್ಲೆಗೆ, ಆ ವರ್ಷಕ್ಕೆ ವಿಶಿಷ್ಟವಾದದ್ದನ್ನು ಬೇರ್ಪಡಿಸುವ ಗುಣಾಂಕ) ಬಲಗಡೆ. ಅಕ್ಕಪಕ್ಕದ ಜಿಲ್ಲೆಗಳಿಗೆ ಒಂದೇ ಬಿಸಿಗಾಳಿ ಹೊಡೆಯುವುದರಿಂದ ಜಿಲ್ಲಾ ಮಟ್ಟದಲ್ಲಿ ಮಾತ್ರ ಕ್ಲಸ್ಟರ್ ಮಾಡಿದರೆ (ಒಟ್ಟಿಗೆ ಏರಿಳಿಯುವ ಅಂಕಿಗಳನ್ನು ಒಂದು ಗುಂಪೆಂದು ಎಣಿಸಿದರೆ) ಸ್ಟ್ಯಾಂಡರ್ಡ್ ಎರರ್, ಅಂದರೆ ಅಂದಾಜಿನ ಅನಿಶ್ಚಿತತೆ, ಸುಳ್ಳೇ ಚಿಕ್ಕದಾಗಿ ಕಾಣುತ್ತದೆ. ದೊಡ್ಡ ಪ್ರದೇಶದ ಮಟ್ಟದಲ್ಲಿ ಕ್ಲಸ್ಟರ್ ಮಾಡಿ, ಇಲ್ಲವೇ ಜಾಗಗಳ ನಡುವಿನ ದೂರ ನೋಡಿ ಸರಿಪಡಿಸುವ ಕಾನ್ಲಿ ವಿಧಾನ ಬಳಸಿ. ಅಂಕಿ ಸಿಗದ ವರ್ಷವನ್ನು ಸೊನ್ನೆ ಎಂದು ತುಂಬಬೇಡಿ.

ಟಿಪ್ಪಣಿಯ ಮೊದಲ ವಾಕ್ಯದಲ್ಲೇ ಉತ್ತರದ ಸಂಖ್ಯೆ, ಅದರ ಏಕಮಾನ, ಎಷ್ಟರಿಂದ ಎಷ್ಟರವರೆಗೆ ಎಂಬುದು ಬರಬೇಕು. ಕೊನೆಯ ಪ್ಯಾರಾದಲ್ಲಿ ಈ ಲೆಕ್ಕ ಎಲ್ಲಿ ಕೈಕೊಡಬಹುದು ಎಂದು ನೀವೇ ಬರೆಯಿರಿ. ಅನುಭವಿ ಓದುಗರು ಮೊದಲು ಆ ಪ್ಯಾರಾವನ್ನೇ ಹುಡುಕುತ್ತಾರೆ.

ಪ್ರ: ಅಂಕಿಅಂಶ ವಿಶ್ಲೇಷಣೆಗೆ ಯಾವ ಸಾಫ್ಟ್‌ವೇರ್? ಆರ್ ಕಲಿಯಲೇ, ಸ್ಟೇಟಾ ಕಲಿಯಲೇ, ಪೈಥಾನ್ ಕಲಿಯಲೇ?

ಉ: ಆರ್. ಉಚಿತ, ಜೊತೆಗೆ ನಕ್ಷೆ ಮತ್ತು ಇಕನಾಮೆಟ್ರಿಕ್ಸ್ ಎರಡೂ ಅದರಲ್ಲೇ ಆಗುತ್ತವೆ. ಸ್ಟೇಟಾ ಫೈಲನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಗೊತ್ತಿರಲಿ, ಅಭಿವೃದ್ಧಿ ಬ್ಯಾಂಕುಗಳ ಹಳೆಯ ಕೆಲಸವೆಲ್ಲ ಅದರಲ್ಲಿದೆ. ನಕ್ಷೆಯನ್ನು ಕಣ್ಣಾರೆ ಪರೀಕ್ಷಿಸಲು ಕ್ಯೂಜಿಐಎಸ್ ಇಟ್ಟುಕೊಳ್ಳಿ. ಎಕ್ಸೆಲ್ಲನ್ನು ಹಗುರವಾಗಿ ಕಾಣಬೇಡಿ; ಸಲಹಾ ಸಂಸ್ಥೆಗಳ ಪರೀಕ್ಷೆ ಹೆಚ್ಚಾಗಿ ಅದರಲ್ಲೇ ನಡೆಯುತ್ತದೆ.

ಪ್ರ: ಜಾಹೀರಾತಿನಲ್ಲಿ ‘ನಾನ್-ಮಾರ್ಕೆಟ್ ವ್ಯಾಲ್ಯುಯೇಶನ್ ಅನುಭವ’ ಅಂತಿದೆ. ಕಾಲೇಜಿನಲ್ಲಿ ಒಂದು ಅಧ್ಯಾಯ ಓದಿದ್ದು ಬಿಟ್ಟರೆ ಏನೂ ಗೊತ್ತಿಲ್ಲ. ಅರ್ಜಿ ಹಾಕಲೇ?

ಉ: ಹಾಕಿ, ಆದರೆ ಮೊದಲು ಎರಡು ವಾರ ಕೂತು ಒಂದು ಚಿಕ್ಕ ಸಮೀಕ್ಷೆಯಾದರೂ ಮಾಡಿ. ಮಾರುಕಟ್ಟೆಯಲ್ಲಿ ಬಿಕರಿಯಾಗದ್ದಕ್ಕೆ ಬೆಲೆ ಕಟ್ಟುವ ಈ ವಿಧಾನಗಳಿಗೆ ಇಷ್ಟು ಬೇಡಿಕೆ ಬಂದದ್ದರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಪಾಲು ದೊಡ್ಡದು. 1989ರ ಮಾರ್ಚ್ 24ರಂದು ಅದು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಬಂಡೆಗೆ ಬಡಿದು ತೈಲ ಸುರಿಯಿತು. ಆ ಕಡಲತೀರವನ್ನು ಎಂದೂ ನೋಡದ ಅಮೆರಿಕನ್ನರಿಗೂ ಅದು ಹಾಳಾಗಬಾರದೆಂಬ ಆಸೆ ಇದೆ, ಆ ಆಸೆಯ ಬೆಲೆ ಎಷ್ಟು ಎಂದು ಅಲಾಸ್ಕಾ ರಾಜ್ಯ ಸಮೀಕ್ಷೆ ಮಾಡಿಸಿತು. ಬಂದ ಕನಿಷ್ಠ ಅಂದಾಜು 280 ಕೋಟಿ ಡಾಲರ್. ಇಂಥ ಸಮೀಕ್ಷೆಯನ್ನು ನಂಬಬಹುದೇ ಎಂದು ಪರಿಶೀಲಿಸಲು ಅರ್ಥಶಾಸ್ತ್ರಜ್ಞರಾದ ಕೆನೆತ್ ಆ್ಯರೊ, ರಾಬರ್ಟ್ ಸೊಲೊ ನೇತೃತ್ವದ ಸಮಿತಿ ಕೂತು 1993ರಲ್ಲಿ ಷರತ್ತುಗಳ ಪಟ್ಟಿ ಕೊಟ್ಟಿತು. ಅದರಲ್ಲಿನ ಷರತ್ತುಗಳ ಮೇಲೆ ಇವತ್ತಿಗೂ ಸಂದರ್ಶನದಲ್ಲಿ ಪ್ರಶ್ನೆ ಬರುತ್ತದೆ. ‘ಎಷ್ಟು ಕೊಡುತ್ತೀರಿ?’ ಎಂದು ಬಿಡುಬೀಸಾಗಿ ಕೇಳುವುದಕ್ಕಿಂತ ‘ಇಷ್ಟು ಖರ್ಚಾಗುವುದಾದರೆ ಯೋಜನೆಗೆ ಮತ ಹಾಕುತ್ತೀರಾ?’ ಎಂದು ಕೇಳುವುದು ಯಾಕೆ ಮೇಲು ಎಂಬುದು ಅವುಗಳಲ್ಲೊಂದು.

ನಿಮ್ಮ ಚಿಕ್ಕ ಸಮೀಕ್ಷೆ ಚಾಯ್ಸ್ ಎಕ್ಸ್‌ಪೆರಿಮೆಂಟ್ ಇರಲಿ, ಅಂದರೆ ಆಯ್ಕೆಗಳನ್ನು ಮುಂದಿಟ್ಟು ಒಂದನ್ನು ಆರಿಸಲು ಹೇಳುವುದು. ಕೆರೆಯ ನೀರು ಎಷ್ಟು ತಿಳಿ, ದಡದಲ್ಲಿ ಮರ ಎಷ್ಟು, ಮನೆಗೆ ಬೀಳುವ ವಾರ್ಷಿಕ ಶುಲ್ಕ ಎಷ್ಟು ಎಂಬ ಮೂರು ಗುಣಗಳು. ಪ್ರತಿ ಕಾರ್ಡಿನಲ್ಲಿ ಎರಡು ಆಯ್ಕೆ, ಮೂರನೆಯದಾಗಿ ‘ಈಗಿರುವಂತೆಯೇ ಇರಲಿ’. ಒಬ್ಬರಿಗೆ ಆರು ಕಾರ್ಡಿಗಿಂತ ಹೆಚ್ಚು ಬೇಡ, ಬೇಸತ್ತು ಕಣ್ಣುಮುಚ್ಚಿ ಗುರುತು ಹಾಕುತ್ತಾರೆ. 40 ಜನರ ಉತ್ತರ ಬಂದರೆ ಅಭ್ಯಾಸಕ್ಕೆ ಸಾಕು, ತೀರ್ಮಾನಕ್ಕೆ ಸಾಲದು; ಹಾಗೆಂದೇ ಬರೆಯಿರಿ. ಇಂಥ ಆಯ್ಕೆಗಳನ್ನು ವಿಶ್ಲೇಷಿಸುವ ಲಾಜಿಟ್ ಮಾದರಿಯಲ್ಲಿ ತಿಳಿನೀರಿನ ಗುಣಾಂಕ 0.48, ಶುಲ್ಕದ ಗುಣಾಂಕ –0.012 ಬಂದರೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಚಿಹ್ನೆ ತಿರುಗಿಸಿ: ಒಂದು ಮನೆ ವರ್ಷಕ್ಕೆ 40 ಏಕಮಾನ ಹಣ ಕೊಡಲು ಸಿದ್ಧ. ‘ಮಾಲಿನ್ಯ ಮಾಡಿದವರೇ ಕೊಡಲಿ’ ಎಂದು ಸೊನ್ನೆ ಹೇಳಿದವರು ಬೇರೆ, ಕೆರೆ ಬೇಡವೆಂದು ಸೊನ್ನೆ ಹೇಳಿದವರು ಬೇರೆ. ಇವರನ್ನು ಬೇರ್ಪಡಿಸಲು ಕೊನೆಯಲ್ಲಿ ಒಂದು ‘ಯಾಕೆ?’ ಇಡುವುದನ್ನು ಮರೆತರೆ ಇಡೀ ಸಮೀಕ್ಷೆ ದಂಡ.

ಪ್ರ: ಸಲಹಾ ಸಂಸ್ಥೆಯೊಂದು ಎರಡು ಗಂಟೆಯ ಲಿಖಿತ ಪರೀಕ್ಷೆಗೆ ಕರೆದಿದೆ. ಏನು ಕೇಳುತ್ತಾರೆ?

ಉ: ಹೆಚ್ಚಾಗಿ ಒಂದು ಚಿಕ್ಕ ವೆಚ್ಚ-ಲಾಭದ ಲೆಕ್ಕ, ಅದರ ಮೇಲೆ ಒಂದು ಪುಟದ ಟಿಪ್ಪಣಿ. ಒಂದು ಮಾದರಿ ಮಾಡಿಯೇ ನೋಡೋಣ. ಕಾರ್ಖಾನೆಗಳಿಗೆ ಧೂಳು ಶೋಧಕ ಕಡ್ಡಾಯ ಮಾಡುವ ನಿಯಮ. ಇಂದು 500 ಏಕಮಾನ ಖರ್ಚು, ಆಮೇಲೆ 20 ವರ್ಷ ನಿರ್ವಹಣೆಗೆ ವರ್ಷಕ್ಕೆ 20. ಆರೋಗ್ಯದ ಲಾಭ ವರ್ಷಕ್ಕೆ 70. ಮಾಡಬೇಕೇ, ಬೇಡವೇ?

ವರ್ಷಕ್ಕೆ ನಿವ್ವಳ 50. 20 ವರ್ಷಗಳ ವಾರ್ಷಿಕ ಮೊತ್ತವನ್ನು ಇಂದಿನ ಬೆಲೆಗೆ ತರುವ ಗುಣಕ ಶೇ 3ರ ಡಿಸ್ಕೌಂಟ್ ದರದಲ್ಲಿ (ಮುಂದೆ ಸಿಗುವ ಹಣವನ್ನು ವರ್ಷಕ್ಕೆ ಇಷ್ಟೆಂದು ತಗ್ಗಿಸಿ ನೋಡುವ ದರ) 14.877, ಶೇ 7ರಲ್ಲಿ 10.594. ಶೇ 3ರಲ್ಲಿ 744 ಬಂದು 500 ಕಳೆದರೆ 244 ಉಳಿಯುತ್ತದೆ. ಶೇ 7ರಲ್ಲಿ 530 ಬಂದು ಉಳಿಯುವುದು 30. ಎರಡರಲ್ಲೂ ಲಾಭವೇ. ಬಹಳಷ್ಟು ಅಭ್ಯರ್ಥಿಗಳು ‘ಮಾಡಬೇಕು’ ಎಂದು ಬರೆದು ಇಲ್ಲಿಗೇ ನಿಲ್ಲುತ್ತಾರೆ.

ಈಗ ಒಂದು ಹೆಜ್ಜೆ ಮುಂದೆ ಹೋಗಿ. ಶೋಧಕ ಕೂರಿಸಿದ ಮರುವರ್ಷವೇ ಆರೋಗ್ಯ ಸುಧಾರಿಸುವುದು ಅನುಮಾನ. ಲಾಭ ಎರಡು ವರ್ಷ ತಡವಾಗಿ, ಮೂರನೇ ವರ್ಷದಿಂದ ಶುರುವಾಗುತ್ತದೆ ಎನ್ನಿ. ಶೇ 7ರಲ್ಲಿ ಲಾಭದ ಇಂದಿನ ಬೆಲೆ 615ಕ್ಕೆ ಇಳಿಯುತ್ತದೆ, ಒಟ್ಟು ಖರ್ಚು 712. ಲೆಕ್ಕ 97 ಏಕಮಾನ ನಷ್ಟಕ್ಕೆ ತಿರುಗಿತು. ಶೇ 3ರಲ್ಲಿ ಇನ್ನೂ 110 ಲಾಭ ಇದೆ. ಅಂದರೆ ಈ ನಿಯಮದ ಹಣೆಬರಹ ಕೂತಿರುವುದು ಶೋಧಕದ ಬೆಲೆಯಲ್ಲಲ್ಲ, ಲಾಭ ಯಾವಾಗ ಶುರುವಾಗುತ್ತದೆ ಮತ್ತು ಯಾವ ದರ ಹಿಡಿಯುತ್ತೇವೆ ಎಂಬುದರಲ್ಲಿ. ಟಿಪ್ಪಣಿಯ ಮೊದಲ ಸಾಲು ಇದೇ ಆಗಬೇಕು. ಎರಡನೆಯದು: ಶೇ 7ರಲ್ಲೂ, ತಡವಾದರೂ, ವಾರ್ಷಿಕ ಲಾಭ 81 ದಾಟಿದರೆ ನಿಯಮ ನಿಲ್ಲುತ್ತದೆ. ತೀರ್ಮಾನ ಮಾಡುವವರಿಗೆ ಹಿಡಿದುಕೊಳ್ಳಲು ಸಿಗುವ ಸಂಖ್ಯೆ ಅದು.

ದರದ ಬಗ್ಗೆ ಕೇಳಿದರೆ ಪುಸ್ತಕದ ವ್ಯಾಖ್ಯೆ ಹೇಳಬೇಡಿ. 100 ವರ್ಷದ ನಂತರ ಸಿಗುವ 1000 ಏಕಮಾನ ಶೇ 3ರಲ್ಲಿ ಇಂದಿಗೆ 52, ಶೇ 7ರಲ್ಲಿ 1.15 ಎಂದು ಹೇಳಿ. ಅಮೆರಿಕದ ಆಡಳಿತ 2003ರ ಮಾರ್ಗಸೂಚಿಯಲ್ಲಿ ಈ ಎರಡೂ ದರ ಬಳಸಲು ಹೇಳಿತ್ತು, ಬ್ರಿಟನ್ನಿನ ಖಜಾನೆ ಶೇ 3.5ರಿಂದ ಶುರುಮಾಡಿ ದೂರದ ವರ್ಷಗಳಿಗೆ ಇಳಿಸುತ್ತದೆ. ಯಾಕೆ ಇಳಿಸಬೇಕು ಎಂದು ವಿವರಿಸಲು ಬಂದರೆ ಅರ್ಧ ಗೆದ್ದಂತೆ.

ಅಂಕ ಕಳೆಯುವ ತಪ್ಪುಗಳು ಪ್ರತಿ ಬಾರಿಯೂ ಅವೇ. ಹಣದುಬ್ಬರ ಸೇರಿಸಿದ ಮೊತ್ತಕ್ಕೆ ಹಣದುಬ್ಬರ ಕಳೆದ ದರ ಹಾಕುವುದು. ನಿಯಮದ ಮೊದಲು-ನಂತರ ಹೋಲಿಸುವುದು. ಹೋಲಿಸಬೇಕಾದ್ದು ನಿಯಮ ಇದ್ದರೆ, ಇಲ್ಲದಿದ್ದರೆ ಎಂದು. ತೆರಿಗೆಯನ್ನು ಸಮಾಜದ ಖರ್ಚೆಂದು ಬರೆಯುವುದು. ಅದು ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದ ಹಣ. ಗಾಳಿ ಸುಧಾರಿಸಿ ಮನೆಗಳ ಬೆಲೆ ಏರಿದ್ದನ್ನೂ ಆರೋಗ್ಯದ ಲಾಭವನ್ನೂ ಕೂಡಿಸುವುದು. ಮನೆ ಬೆಲೆ ಏರಿದ್ದರಲ್ಲಿ ಆರೋಗ್ಯದ ಪಾಲು ಆಗಲೇ ಸೇರಿರುತ್ತದೆ.

ಪ್ರ: ಪಿಎಚ್.ಡಿ. ಮಾಡಲೇಬೇಕೇ?

ಉ: ವಿಶ್ವವಿದ್ಯಾಲಯದಲ್ಲಿ ಕಲಿಸಲು, ವಿಶ್ವಬ್ಯಾಂಕ್ ಅಥವಾ ಕೇಂದ್ರ ಬ್ಯಾಂಕುಗಳ ಸಂಶೋಧನಾ ವಿಭಾಗಕ್ಕೆ ಸೇರಲು ಬೇಕು. ಸಲಹಾ ಸಂಸ್ಥೆ, ಬ್ಯಾಂಕು, ಕಾರ್ಬನ್ ಮಾರುಕಟ್ಟೆ, ಸ್ವಯಂಸೇವಾ ಸಂಸ್ಥೆಗಳಿಗೆ ಒಳ್ಳೆಯ ಸ್ನಾತಕೋತ್ತರ ಪದವಿ ಸಾಕು. ಕೆಲಸ ಸಿಗುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಪಿಎಚ್.ಡಿ.ಗೆ ಹೋಗಬೇಡಿ, ಅಮೆರಿಕದ ಪದ್ಧತಿಯಲ್ಲಿ ಐದಾರು ವರ್ಷ, ಯುರೋಪಿನಲ್ಲಿ ಮೂರು-ನಾಲ್ಕು ವರ್ಷ ಹಿಡಿಯುತ್ತದೆ. ಇನ್ನೂ ಮನಸ್ಸು ಮಾಡಿಲ್ಲದಿದ್ದರೆ ಪ್ರಾಧ್ಯಾಪಕರೊಬ್ಬರ ಬಳಿ ಒಂದೆರಡು ವರ್ಷ ಪೂರ್ಣಾವಧಿ ಸಂಶೋಧನಾ ಸಹಾಯಕರಾಗಿ ದುಡಿಯಿರಿ. ಸಂಶೋಧನೆ ನಿಮಗೆ ಒಗ್ಗುತ್ತದೆಯೇ ಎಂಬುದು ಆರು ತಿಂಗಳಲ್ಲಿ ಗೊತ್ತಾಗುತ್ತದೆ, ಶಿಫಾರಸು ಪತ್ರವೂ ಗಟ್ಟಿಯಾಗುತ್ತದೆ.

ಪಿಎಚ್.ಡಿ. ಮುಗಿಸುತ್ತಿರುವವರು ಕ್ಯಾಲೆಂಡರ್ ತಪ್ಪಿಸಿಕೊಳ್ಳಬಾರದು. ಅಂತರರಾಷ್ಟ್ರೀಯ ಮಾರುಕಟ್ಟೆ ಬಹುಪಾಲು ಅಮೆರಿಕನ್ ಇಕನಾಮಿಕ್ ಅಸೋಸಿಯೇಶನ್ನಿನ ‘ಜೋ’ ಎಂಬ ಉದ್ಯೋಗ ಪಟ್ಟಿಯ ಸುತ್ತ ಸುತ್ತುತ್ತದೆ. ಆಗಸ್ಟ್‌ನಿಂದ ಜಾಹೀರಾತು, ನವೆಂಬರ್ ಹೊತ್ತಿಗೆ ಅರ್ಜಿ, ಡಿಸೆಂಬರ್-ಜನವರಿಯಲ್ಲಿ ಮೊದಲ ಸಂದರ್ಶನ, ಆಮೇಲೆ ಕರೆಸಿಕೊಳ್ಳುವುದು. ನಿಜವಾದ ಆಸಕ್ತಿ ತೋರಿಸಲು ಎರಡು ಸಂಸ್ಥೆಗಳಿಗೆ ಮಾತ್ರ ‘ಸಿಗ್ನಲ್’ ಕಳಿಸಬಹುದು. ಅದನ್ನು ಎಲ್ಲರಿಗೂ ಬೇಕಾದ ದೊಡ್ಡ ಹೆಸರಿಗೆ ಸುರಿಯಬೇಡಿ. ನಿಮ್ಮ ಮೇಲೆ ಆಸಕ್ತಿ ಇದ್ದರೂ ‘ಇವರು ಇಲ್ಲಿಗೆ ಬರುತ್ತಾರೆಯೇ?’ ಎಂದು ಹಿಂಜರಿಯುವ ಕಡೆಗೆ ಕಳಿಸಿ. ಇಡೀ ಅರ್ಜಿ ನಿಲ್ಲುವುದು ಒಂದೇ ಸಂಶೋಧನಾ ಲೇಖನದ ಮೇಲೆ. ನಾಲ್ಕು ಅರೆಬೆಂದ ಲೇಖನ ಅದರ ಜಾಗ ತುಂಬಲಾರವು.

ಪ್ರ: ಬಯೋಡೇಟಾ ನೋಡಿ ಯಾರೂ ಕರೆಯುತ್ತಿಲ್ಲ. ‘ಹವಾಮಾನ ಬದಲಾವಣೆ ಯೋಜನೆಯಲ್ಲಿ ಸಂಶೋಧನಾ ಸಹಾಯಕ’ ಅಂತ ಮೊದಲಲ್ಲೇ ಬರೆದಿದ್ದೇನೆ.

ಉ: ಆ ಸಾಲಿನಿಂದ ನೀವು ಏನು ಮಾಡಿದಿರಿ ಎಂಬುದು ಗೊತ್ತಾಗುವುದಿಲ್ಲ. ಹೀಗೆ ಬದಲಿಸಿ ನೋಡಿ: ‘1,200 ಮನೆಗಳ ಸಮೀಕ್ಷೆಯ ದತ್ತಾಂಶ ಶುದ್ಧಗೊಳಿಸಿ, ಅಡುಗೆ ಇಂಧನದ ಬೆಲೆ ಏರಿದಾಗ ಸೌದೆ ಬಳಕೆ ಎಷ್ಟು ಹೆಚ್ಚುತ್ತದೆಂದು ಆರ್‌ನಲ್ಲಿ ಅಂದಾಜಿಸಿದೆ, ಫಲಿತಾಂಶ ಅಂತಿಮ ವರದಿಯ ಮೂರನೇ ಅಧ್ಯಾಯದಲ್ಲಿದೆ.’ ದತ್ತಾಂಶದ ಗಾತ್ರ, ವಿಧಾನ, ಉಪಕರಣ, ಫಲಿತಾಂಶ ಎಲ್ಲಿ ಬಳಕೆಯಾಯಿತು, ನಾಲ್ಕೂ ಒಂದೇ ಸಾಲಿನಲ್ಲಿವೆ. ಸಂಖ್ಯೆ ನಿಮ್ಮದೇ ಆಗಿರಲಿ, ಸಂದರ್ಶನದಲ್ಲಿ ಅದನ್ನೇ ಕೆದಕುತ್ತಾರೆ.

ಎರಡು ಪುಟ ಮೀರಬೇಡಿ. ಪರಿಸರದ ಮೇಲಿನ ಪ್ರೀತಿಯನ್ನು ಬಯೋಡೇಟಾದಲ್ಲಿ ಬರೆಯುವ ಅಗತ್ಯವಿಲ್ಲ. ಇಟ್ಟುಕೊಂಡಿರಿ, ಈ ಕೆಲಸದಲ್ಲಿ ದಿನವೂ ಬೇಕಾಗುತ್ತದೆ. ಅರ್ಜಿಯ ಜೊತೆಗಿನ ಪತ್ರದ ಮೊದಲ ಪ್ಯಾರಾದಲ್ಲಿ ಆ ಸಂಸ್ಥೆ ಇತ್ತೀಚೆಗೆ ಹೊರತಂದ ಒಂದು ವರದಿಯನ್ನು ಹೆಸರಿಸಿ, ಅದರಲ್ಲಿ ಬಿಟ್ಟುಹೋದ ಯಾವ ಪ್ರಶ್ನೆಯನ್ನು ನೀವು ಲೆಕ್ಕಹಾಕಬಲ್ಲಿರಿ ಎಂದು ಬರೆಯಿರಿ. ಇದಕ್ಕೆ ಅರ್ಜಿಯೊಂದಕ್ಕೆ ಅರ್ಧ ದಿನ ಹಿಡಿಯುತ್ತದೆ. ವಾರಕ್ಕೆ ಇಂಥ ಮೂರು ಅರ್ಜಿ ಹಾಕುವುದು ಮೂವತ್ತು ಅರ್ಜಿ ಎರಚುವುದಕ್ಕಿಂತ ಎಷ್ಟೋ ಮೇಲು.

ಪ್ರ: ಅಂತರರಾಷ್ಟ್ರೀಯ ಸಂಸ್ಥೆಗಳಿಗೆ ಹೊಕ್ಕುವ ಬಾಗಿಲು ಯಾವುದು?

ಉ: ಮುಂಬಾಗಿಲು ಕಿರಿದು. ವಿಶ್ವಬ್ಯಾಂಕಿನ ಯಂಗ್ ಪ್ರೊಫೆಷನಲ್ಸ್ ಕಾರ್ಯಕ್ರಮಕ್ಕೆ 32ರ ವಯೋಮಿತಿ ಇದೆ, ಸ್ಪರ್ಧೆ ವಿಪರೀತ. ವಿಶ್ವಸಂಸ್ಥೆಯಲ್ಲಿ ಆರಂಭಿಕ ಹಂತದ ಪಿ-2 ಹುದ್ದೆಗೆ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷ, ಪಿ-3ಕ್ಕೆ ಐದು ವರ್ಷ ಅನುಭವ ಕೇಳುವುದು ವಾಡಿಕೆ. ಜೂನಿಯರ್ ಪ್ರೊಫೆಷನಲ್ ಆಫೀಸರ್ ಹುದ್ದೆಯ ಸಂಬಳವನ್ನು ಒಂದೊಂದು ದೇಶದ ಸರ್ಕಾರ ಕೊಡುವುದರಿಂದ ನಿಮ್ಮ ಪೌರತ್ವಕ್ಕೆ ಅವಕಾಶ ಇದೆಯೇ ಎಂದು ಮೊದಲೇ ನೋಡಿ.

ಹೆಚ್ಚಿನವರು ಒಳಹೋಗುವುದು ಅಲ್ಪಾವಧಿ ಗುತ್ತಿಗೆಯ ಬಾಗಿಲಿನಿಂದ. ವಿಶ್ವಬ್ಯಾಂಕಿನ ಅಲ್ಪಾವಧಿ ಸಲಹೆಗಾರರು ಜುಲೈಯಿಂದ ಜೂನ್‌ವರೆಗಿನ ಹಣಕಾಸು ವರ್ಷದಲ್ಲಿ 150 ದಿನಕ್ಕಿಂತ ಹೆಚ್ಚು ದುಡಿಯುವಂತಿಲ್ಲ. ದಿನಗೂಲಿ ದರ ದೊಡ್ಡದಾಗಿ ಕಾಣುತ್ತದೆ. ಅದನ್ನು 150ರಿಂದ ಗುಣಿಸಿ 12ರಿಂದ ಭಾಗಿಸಿ, ತೆರಿಗೆ ಮತ್ತು ವೈದ್ಯಕೀಯ ವಿಮೆಯ ಖರ್ಚು ಕಳೆದು ನೋಡಿದ ಮೇಲೆ ಒಪ್ಪಿಕೊಳ್ಳಿ. ಕರಾರಿನಲ್ಲಿ ಮೂರು ಸಂಗತಿ ಸ್ಪಷ್ಟ ಇರಬೇಕು: ಒಪ್ಪಿಸಬೇಕಾದ್ದು ನಿಖರವಾಗಿ ಏನು, ಕರಡಿಗೆ ಎಷ್ಟು ಸುತ್ತು ತಿದ್ದುಪಡಿ, ವರದಿಯ ಮೇಲೆ ನಿಮ್ಮ ಹೆಸರು ಬರುತ್ತದೆಯೇ. ಮೂರನೆಯದನ್ನು ಕೇಳಲು ಸಂಕೋಚ ಪಡಬೇಡಿ, ಮುಂದಿನ ಗುತ್ತಿಗೆ ಬರುವುದು ಆ ಹೆಸರಿನಿಂದಲೇ. ಈ ಗುತ್ತಿಗೆಗಳಲ್ಲಿ ಎಷ್ಟೋ ಜಾಹೀರಾತಿಗೆ ಬರುವುದೇ ಇಲ್ಲ. ವರದಿಗಳ ಕೃತಜ್ಞತಾ ಪುಟದಲ್ಲಿ ತಂಡದ ಮುಖ್ಯಸ್ಥರು ಯಾರೆಂದು ನೋಡಿ, ಎರಡು ಪುಟದ ಟಿಪ್ಪಣಿ ಲಗತ್ತಿಸಿ ನೇರವಾಗಿ ಬರೆಯಿರಿ.

ಪ್ರ: ಕಾಡು ಉಳಿಸಿ ಕಾರ್ಬನ್ ಕ್ರೆಡಿಟ್ ಮಾರುವ ಕಂಪನಿಯಿಂದ ಒಳ್ಳೆಯ ಸಂಬಳದ ಆಫರ್ ಬಂದಿದೆ. ಈ ಕ್ಷೇತ್ರದ ಬಗ್ಗೆ ಕೆಟ್ಟದ್ದೂ ಕೇಳಿದ್ದೇನೆ. ಹೋಗಲೇ?

ಉ: ನಿಮಗೆ ಕೊಡುವ ಕೆಲಸ ಯಾವುದು ಎಂಬುದರ ಮೇಲೆ ಇದೆ. ಕ್ರೆಡಿಟ್ ಎಂದರೆ ಇಷ್ಟು ಇಂಗಾಲ ಗಾಳಿಗೆ ಸೇರದಂತೆ ತಡೆದೆವು ಎಂಬ, ಮಾರಬಹುದಾದ ಪ್ರಮಾಣಪತ್ರ. ಈ ವ್ಯವಹಾರದ ಪ್ರಾಣ ಇರುವುದು ಬೇಸ್‌ಲೈನಿನಲ್ಲಿ, ಅಂದರೆ ಯೋಜನೆ ಇಲ್ಲದಿದ್ದರೆ ಎಷ್ಟು ಕಾಡು ಹೋಗುತ್ತಿತ್ತು ಎಂಬ ಅಂದಾಜಿನಲ್ಲಿ. 10,000 ಹೆಕ್ಟೇರ್ ಕಾಡು. ಯೋಜನೆ ಇಲ್ಲದಿದ್ದರೆ ವರ್ಷಕ್ಕೆ ಶೇ 2, ಅಂದರೆ 200 ಹೆಕ್ಟೇರ್ ಹೋಗುತ್ತಿತ್ತು ಎಂದು ಕಂಪನಿ ಹೇಳುತ್ತದೆ. ನಿಜವಾಗಿ ಹೋದದ್ದು 50. ಆದ್ದರಿಂದ 150 ಹೆಕ್ಟೇರಿನ ಕ್ರೆಡಿಟ್. ಆದರೆ ಇಳಿಜಾರು, ರಸ್ತೆಯ ದೂರ, ಜನಸಾಂದ್ರತೆ ಎಲ್ಲ ಹೊಂದುವ ಯೋಜನೆಯಿಲ್ಲದ ಕಾಡಿನಲ್ಲಿ ಅದೇ ಅವಧಿಯಲ್ಲಿ ಹೋದದ್ದು ಶೇ 0.8 ಮಾತ್ರ ಎಂದು ಉಪಗ್ರಹ ಚಿತ್ರ ತೋರಿಸಿದರೆ? ಉಳಿದದ್ದು 80ರಲ್ಲಿ 50 ಕಳೆದು 30 ಹೆಕ್ಟೇರ್. ಮಾರಿದ್ದು ಅದರ ಐದು ಪಟ್ಟು. ಆ ಕ್ರೆಡಿಟ್ ಕೊಂಡವರು ಅದನ್ನು ತೋರಿಸಿ ಅಷ್ಟೂ ಹೊಗೆ ಬಿಟ್ಟಿರುತ್ತಾರೆ, ಆದ್ದರಿಂದ ಇದು ಕಾಗದದ ಮೇಲಿನ ತಪ್ಪಾಗಿ ಉಳಿಯುವುದಿಲ್ಲ.

ಹಾಗಾಗಿ ಸಂಬಳದ ಮಾತಿಗೆ ಮೊದಲು ಇವನ್ನು ಕೇಳಿ. ಬೇಸ್‌ಲೈನ್ ಯಾರು ನಿರ್ಧರಿಸುತ್ತಾರೆ, ಅವರ ಬೋನಸ್ಸಿಗೂ ಮಂಜೂರಾದ ಕ್ರೆಡಿಟ್ ಸಂಖ್ಯೆಗೂ ನಂಟಿದೆಯೇ? ಹೋಲಿಕೆಯ ಕಾಡನ್ನು ಯೋಜನೆ ಶುರುವಾಗುವ ಮೊದಲೇ ಗೊತ್ತುಮಾಡಿದ್ದರೇ, ಆಮೇಲೆ ಅನುಕೂಲ ನೋಡಿ ಆರಿಸಿದರೇ? ಇಲ್ಲಿ ತಡೆದ ಮರಕಡಿತ ಪಕ್ಕದ ಕಾಡಿಗೆ ಹೋಯಿತೇ ಎಂದು ಅಳೆಯುತ್ತಾರೆಯೇ? ಬೆಂಕಿ ಬಿದ್ದರೆಂದು ಎಷ್ಟು ಪಾಲು ಕ್ರೆಡಿಟ್ಟನ್ನು ಮೀಸಲು ಇಡುತ್ತಾರೆ? ಕಾಡಿನ ಜನರೊಂದಿಗೆ ಹಣ ಹಂಚಿಕೆಯ ಒಪ್ಪಂದ ಬರಹದಲ್ಲಿದೆಯೇ? ವಿಶ್ಲೇಷಕರ ಅಂಕಿ ಮಾರಾಟ ವಿಭಾಗಕ್ಕೆ ಹಿಡಿಸದಿದ್ದಾಗ ಕೊನೆಯ ಮಾತು ಯಾರದು? ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಆ ಆಫರ್ ಬಿಟ್ಟುಬಿಡಿ, ಎಷ್ಟೇ ಸಂಬಳ ಇರಲಿ.

ಉತ್ತರಗಳು ತೃಪ್ತಿ ತಂದರೂ ಒಂದು ಕೆಲಸ ಮಾಡಿ. ಪ್ರಮಾಣೀಕರಣ ಸಂಸ್ಥೆಗಳ ನೋಂದಣಿ ಪಟ್ಟಿಯಲ್ಲಿ ಯೋಜನಾ ದಾಖಲೆಗಳು ಸಾರ್ವಜನಿಕವಾಗಿರುತ್ತವೆ. ಆ ಕಂಪನಿಯ ಒಂದು ಯೋಜನೆಯ ದಾಖಲೆ ಇಳಿಸಿಕೊಳ್ಳಿ. 2000ದಿಂದ ಈಚಿನ ಅರಣ್ಯ ನಾಶವನ್ನು 30 ಮೀಟರ್ ಚೌಕಗಳಲ್ಲಿ ತೋರಿಸುವ ಜಾಗತಿಕ ನಕ್ಷೆಯನ್ನು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಉಚಿತವಾಗಿ ಕೊಟ್ಟಿದೆ, ಅದನ್ನೂ ಇಳಿಸಿಕೊಳ್ಳಿ. ಯೋಜನೆಯ ಗಡಿಯನ್ನು ಅದರ ಮೇಲೆ ಹಾಸಿ, ಸುತ್ತಲಿನ ಕಾಡಿನ ವಾರ್ಷಿಕ ನಾಶದ ದರವನ್ನು ನೀವೇ ತೆಗೆದು, ದಾಖಲೆಯಲ್ಲಿರುವ ಬೇಸ್‌ಲೈನ್ ಪಕ್ಕ ಇಟ್ಟು ನೋಡಿ. ಎರಡು ದಿನದ ಕೆಲಸ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಮುಗಿಸಿ.